ಸಂಶಯ ಪಡೋಣ, ಸತ್ಯವನ್ನೂ ಕಾಯೋಣ

*ಇಂದಿನ ಧಮ್ಮ ಚಿಂತನೆ*



ನಮ್ಮ ಅಧ್ಯಯನ ಬಳಗಕ್ಕೆ ಬರುವ ಕಾಲೇಜು ಹುಡುಗನೊಬ್ಬ ಈಚೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದುಕೊಟ್ಟ. 'ದಿ ರಫ್ ಗೈಡ್ ಟು ಕಾನ್‌ಸ್ಪಿರಸಿ ಥಿಯರೀಸ್' ಅಂತ ಅದರ ಹೆಸರು, 2005ರಲ್ಲಿ ಮೊದಲು ಬಂದದ್ದು. ಇಂಥ ಪುಸ್ತಕಗಳು ಇಂಗ್ಲಿಷಿನಲ್ಲಿ ಹಲವಾರಿವೆ. ಜಗತ್ತಿನಲ್ಲಿ ನಡೆದವು ಎನ್ನಲಾದ ಪಿತೂರಿಗಳು, ಸರ್ಕಾರಗಳು ಮುಚ್ಚಿಟ್ಟವು ಎನ್ನಲಾದ ಸಂಗತಿಗಳು, ಎಲ್ಲವನ್ನೂ ನಿಘಂಟಿನ ಹಾಗೆ ಜೋಡಿಸಿ ಕೊಡುತ್ತವೆ. ಹುಡುಗ ಹೇಳಿದ: "ಅಣ್ಣಾ, ಯಾವುದು ನಿಜ, ಯಾವುದು ಸುಳ್ಳು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಡಿ."

ನಾನು ಹೇಳಿದೆ: "ಗುರುತು ನಾನು ಹಾಕಿದರೆ ನೀನು ಪುಸ್ತಕ ನಂಬುವ ಬದಲು ನನ್ನನ್ನು ನಂಬಿದ ಹಾಗಾಯಿತು ಅಷ್ಟೇ ಕಣಪ್ಪ. ಹೇಗೆ ಗುರುತು ಹಾಕಬೇಕು ಅನ್ನೋದನ್ನ ಭಗವಾನರ ಹತ್ತಿರವೇ ಕೇಳೋಣ ಬಾ." ಅವನ ಜೊತೆ ಕೂತು ಓದಿದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಇಂಥ ಪುಸ್ತಕಗಳಲ್ಲಿ ಒಂದು ತೊಂದರೆ ಇದೆ. ಎಲ್ಲ ಕಥೆಗಳೂ ಒಂದೇ ಅಳತೆಯ ಅಕ್ಷರದಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಎರಡು ಉದಾಹರಣೆ ನೋಡಿ.

ಮೊದಲನೆಯದು, ಮನುಷ್ಯ ಚಂದ್ರನ ಮೇಲೆ ಇಳಿಯಲೇ ಇಲ್ಲ, ಅದೆಲ್ಲ ಸ್ಟುಡಿಯೋದಲ್ಲಿ ತೆಗೆದ ಸಿನಿಮಾ ಎಂಬ ಕಥೆ. ಎರಡನೆಯದು, ಅಮೆರಿಕದ ಸರ್ಕಾರವೇ ಬಡ ಕಪ್ಪು ಜನರಿಗೆ ರೋಗ ಇದೆ ಎಂದು ತಿಳಿದೂ ಔಷಧಿ ಕೊಡದೆ, ಅವರು ಹೇಗೆ ಸಾಯುತ್ತಾರೆ ಎಂದು ವರ್ಷಗಟ್ಟಲೆ ನೋಡುತ್ತಾ ಕೂತಿತ್ತು ಎಂಬ ಕಥೆ. ಸುಮ್ಮನೆ ಕೇಳಿದರೆ ಎರಡನೆಯದೇ ಹೆಚ್ಚು ನಂಬಲಾಗದ್ದು. ಆದರೆ ಮೊದಲನೆಯದು ಸುಳ್ಳು, ಎರಡನೆಯದು ನಿಜ.

1932ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಊರಿನ ಸುತ್ತಮುತ್ತ ಸುಮಾರು 600 ಕಪ್ಪು ಗಂಡಸರನ್ನು ಸರ್ಕಾರಿ ಆರೋಗ್ಯ ಇಲಾಖೆ ಆರಿಸಿಕೊಂಡಿತು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ರೋಗ ಇತ್ತು. ಅವರಿಗೆ ನಿಜ ಹೇಳಲಿಲ್ಲ, "ನಿಮ್ಮ ರಕ್ತ ಕೆಟ್ಟಿದೆ" ಎಂದರು. 1940ರ ದಶಕದ ಕೊನೆಗೆ ಪೆನಿಸಿಲಿನ್ ಎಂಬ ಒಳ್ಳೆಯ ಔಷಧಿ ಬಂದ ಮೇಲೂ ಕೊಡಲಿಲ್ಲ. 40 ವರ್ಷ ಹೀಗೆ ನಡೆಯಿತು. ಇಲಾಖೆಯೊಳಗೇ ಕೆಲಸ ಮಾಡುತ್ತಿದ್ದ ಪೀಟರ್ ಬಕ್ಸ್‌ಟನ್ ಎಂಬಾತ 1966ರಿಂದಲೇ ಇದು ತಪ್ಪು ಎಂದು ಬರೆದು ಕೊಡುತ್ತಿದ್ದರು, ಮೇಲಿನವರು ಕೇಳಲಿಲ್ಲ. ಕೊನೆಗೆ ಅವರು ಪತ್ರಿಕೆಯವರಿಗೆ ತಿಳಿಸಿದರು. 1972ರ ಜುಲೈನಲ್ಲಿ ಜೀನ್ ಹೆಲರ್ ಎಂಬ ವರದಿಗಾರ್ತಿ ಅದನ್ನು ಬಯಲಿಗೆ ತಂದರು. 1997ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಬದುಕುಳಿದವರ ಎದುರು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ಇದು ನಿಜ ಎಂದು ನಮಗೆ ಹೇಗೆ ಗೊತ್ತಾಯಿತು? ಕಡತಗಳು ಸಿಕ್ಕವು. ಒಳಗಿದ್ದವನೇ ಹೆಸರು ಹೇಳಿ ಮಾತಾಡಿದ. ನೊಂದವರು ಬದುಕಿದ್ದರು, ಅವರಿಗೆ ಹೆಸರು, ಊರು, ಮನೆ ಇತ್ತು. ಪ್ರಶ್ನೆ ಕೇಳಿದಷ್ಟೂ ಸಾಕ್ಷಿ ಹೆಚ್ಚಾಯಿತು.

ಈಗ ಚಂದ್ರನ ಕಥೆ ನೋಡಿ. 1969ರಿಂದ 1972ರೊಳಗೆ 6 ಸಲ ಹೋಗಿ, 12 ಜನ ಇಳಿದರು. 382 ಕಿಲೋ ಕಲ್ಲು ಮಣ್ಣು ತಂದರು. ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಇಂದಿಗೂ ಭೂಮಿಯಿಂದ ಲೇಸರ್ ಬೆಳಕು ಬಿಟ್ಟು ದೂರ ಅಳೆಯುತ್ತಾರೆ. ಅಮೆರಿಕದ ಕಡು ವೈರಿಯಾಗಿದ್ದ ಸೋವಿಯತ್ ದೇಶವೂ ಸುಳ್ಳು ಎನ್ನಲಿಲ್ಲ. ಇಷ್ಟು ಹೇಳಿದರೆ ಆ ಕಥೆ ನಂಬುವವರು ಏನನ್ನುತ್ತಾರೆ? "ಅವರೂ ಶಾಮೀಲು!" ಎನ್ನುತ್ತಾರೆ. ಎದುರು ಸಾಕ್ಷಿ ಬಂದಾಗಲೆಲ್ಲ ಅದನ್ನೂ ಪಿತೂರಿಯ ಪಟ್ಟಿಗೆ ಸೇರಿಸಿಕೊಳ್ಳುವ ಕಥೆಯನ್ನು ಯಾರೂ ಪರೀಕ್ಷೆ ಮಾಡಲು ಆಗುವುದಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳದ ಮಾತಿಗೆ ಧಮ್ಮದಲ್ಲಿ ಜಾಗವಿಲ್ಲ. ಭಗವಾನರು ತಮ್ಮನ್ನೇ ಪರೀಕ್ಷಿಸಿ ನೋಡಿ ಎಂದು ಭಿಕ್ಖುಗಳಿಗೆ ಹೇಳಿದವರು.

ಬಂಧುಗಳೇ, ಕಾಲಾಮರಿಗೆ ಭಗವಾನರು ಕೇಸಪುತ್ತದಲ್ಲಿ ಕೊಟ್ಟ ಉಪದೇಶ ನಮಗೆಲ್ಲ ಗೊತ್ತು. ಕೇಳಿಬಂದ ಮಾತು, ಪರಂಪರೆ, ಗ್ರಂಥ, ಬರೀ ತರ್ಕ, ಗುರುವಿನ ಮೇಲಿನ ಗೌರವ, ಇವುಗಳಿಂದಲೇ ಒಂದು ಮಾತನ್ನು ಒಪ್ಪಬೇಡಿ ಎಂದರು. ಇದನ್ನು ನಾವು ಪುರೋಹಿತರ ವಿರುದ್ಧ ಚೆನ್ನಾಗಿ ಬಳಸುತ್ತೇವೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ನಾವು ಈಗಾಗಲೇ ನಂಬಿರುವುದಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ ಎಂದರು. ಇದನ್ನು ನಮ್ಮ ಮೇಲೆಯೇ ಬಳಸಿಕೊಳ್ಳಬೇಕು, ಅದಕ್ಕೇ ಇದು ಕಷ್ಟ.

ಚಂಕಿ ಸುತ್ತದಲ್ಲಿ ಹದಿನಾರು ವರ್ಷದ ಬ್ರಾಹ್ಮಣ ಹುಡುಗನೊಬ್ಬನಿಗೆ ಭಗವಾನರು ಸತ್ಯವನ್ನು ಕಾಯುವ ಬಗೆ ಹೇಳಿಕೊಡುತ್ತಾರೆ. ನಿನಗೆ ಒಂದು ನಂಬಿಕೆ ಇದ್ದರೆ "ಇದು ನನ್ನ ನಂಬಿಕೆ" ಎಂದು ಹೇಳು. ಕೇಳಿದ್ದಾದರೆ "ನಾನು ಹೀಗೆ ಕೇಳಿದ್ದೇನೆ" ಎನ್ನು. "ಇದೊಂದೇ ಸತ್ಯ, ಉಳಿದದ್ದೆಲ್ಲ ಸುಳ್ಳು" ಎನ್ನುವ ಮಟ್ಟಕ್ಕೆ ಹಾರಬೇಡ. ಎಷ್ಟು ಗೊತ್ತೋ ಅಷ್ಟೇ ಹೇಳುವವನು ಸತ್ಯವನ್ನು ಕಾಯುತ್ತಾನೆ ಎಂಬುದು ಅದರ ಸಾರ.

ಪಿತೂರಿ ಎಂಬುದೇ ಇಲ್ಲ ಎಂದು ಭಗವಾನರು ಹೇಳಿದರೇ? ಇಲ್ಲ. ಅವರ ಮೇಲೆಯೇ ಪಿತೂರಿ ನಡೆಯಿತು. ಭಗವಾನರಿಗೆ ಜನರ ಗೌರವ ಹೆಚ್ಚಿದ್ದನ್ನು ಸಹಿಸದ ಬೇರೆ ಪಂಥದ ಪರಿವ್ರಾಜಕರು ಸುಂದರಿ ಎಂಬ ಸನ್ಯಾಸಿನಿಗೆ ಪದೇ ಪದೇ ಜೇತವನಕ್ಕೆ ಹೋಗಿ ಬಾ ಎಂದರು. ಜನ ಅದನ್ನು ನೋಡಿದ ಮೇಲೆ ಆಕೆಯನ್ನು ಕೊಲ್ಲಿಸಿ ಜೇತವನದ ಗುಂಡಿಯಲ್ಲೇ ಹೂಳಿಸಿದರು. ಆಮೇಲೆ ಪಸೇನದಿ ರಾಜನ ಬಳಿ ಹೋಗಿ ಸುಂದರಿ ಕಾಣುತ್ತಿಲ್ಲ ಎಂದು ದೂರು ಕೊಟ್ಟು, ತಾವೇ ಹೆಣ ತೆಗೆದು, ಸಾವತ್ಥಿಯ ಬೀದಿ ಬೀದಿಯಲ್ಲಿ ಹೊತ್ತು ತಿರುಗಿ, ಶಾಕ್ಯಪುತ್ರರ ಕೆಲಸ ನೋಡಿ ಎಂದು ಕೂಗಿದರು. ಊರೆಲ್ಲ ಭಿಕ್ಖುಗಳನ್ನು ಬಯ್ಯತೊಡಗಿತು.

ಭಗವಾನರು ಏನು ಮಾಡಿದರು? ಅವರು ತಿರುಗಿ ಇನ್ನೊಂದು ಕಥೆ ಕಟ್ಟಲಿಲ್ಲ, ಅದು ಇಂಥವರ ಕೆಲಸ ಎಂದು ಊಹೆಯ ಮೇಲೆ ಕೂಗಲಿಲ್ಲ. ಈ ಗದ್ದಲ ಏಳು ದಿನ ಇರುತ್ತದೆ, ಆಮೇಲೆ ಅಡಗುತ್ತದೆ ಎಂದರು. ಕೊಲೆಗಾರರು ಕುಡಿದು ದುಡ್ಡಿಗೆ ಜಗಳವಾಡಿ ಬಾಯಿಬಿಟ್ಟರು, ರಾಜನ ಆಳುಗಳು ಹಿಡಿದರು, ಹಿಂದಿದ್ದವರ ಹೆಸರು ಹೊರಬಂತು ಎಂದು ಧಮ್ಮಪದದ ಅಟ್ಠಕಥೆ ಹೇಳುತ್ತದೆ. ಪಿತೂರಿ ನಿಜವಾಗಿತ್ತು, ಮುಚ್ಚಿಟ್ಟದ್ದೂ ನಿಜವಾಗಿತ್ತು. ಆದರೆ ಹೊರಬಂದದ್ದು ಸಾಕ್ಷಿಯಿಂದ.

ಈಗ ನಮ್ಮ ಮನೆಯ ಮಾತಿಗೆ ಬರೋಣ.

ನಮ್ಮ ಜನ ಬೇಗ ಸಂಶಯ ಪಡುತ್ತಾರೆ ಎಂದು ಕೆಲವರು ಟೀಕಿಸುತ್ತಾರೆ. ಪಡದೆ ಏನು ಮಾಡುವುದು? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. 7 ಜನ ಸತ್ತದ್ದು ನಿಜ, ಕೊಂದವರು ಯಾರೂ ಇಲ್ಲ! ಇಂಥದ್ದನ್ನು ಕಂಡ ಜನರಿಗೆ ಸಂಶಯ ಬರುವುದು ರೋಗವಲ್ಲ, ಅನುಭವ. ಆ ಸಂಶಯವನ್ನು ನಾನು ಬಿಡಿ ಎನ್ನುವುದಿಲ್ಲ. ಆದರೆ ಅದನ್ನು ಯಾರ ಮೇಲೆ, ಯಾವ ಆಧಾರದಿಂದ ಹಾಕುತ್ತೇವೆ ಎಂಬುದು ನಮ್ಮ ಶೀಲಕ್ಕೆ ಸೇರಿದ್ದು.

ಪ್ರತಿ ಡಿಸೆಂಬರ್ 6 ಹತ್ತಿರ ಬಂದಾಗ ನಮ್ಮ ಫೋನುಗಳಿಗೆ ಒಂದು ಮೆಸೇಜ್ ಬರುತ್ತದೆ. ಬಾಬಾಸಾಹೇಬರ ಸಾವು ಸಹಜವಲ್ಲ, ಮಾಯಿಸಾಹೇಬ್ ಸವಿತಾ ಅಂಬೇಡ್ಕರ್ ಅವರ ಕೈವಾಡವಿದೆ ಎಂದು. 1956ರಿಂದಲೂ ಈ ಮಾತು ಓಡಾಡುತ್ತಿದೆ. ಆಗ ಕೇಂದ್ರ ಸರ್ಕಾರ ತನಿಖೆ ಮಾಡಿಸಿ ಸಹಜ ಸಾವು ಎಂದಿತು. ಸರ್ಕಾರ ಹೇಳಿತು ಎಂಬ ಮಾತ್ರಕ್ಕೆ ನಂಬಬೇಕೇ? ಬೇಡ. ಬೇರೆ ಸಾಕ್ಷಿಗಳನ್ನೂ ನೋಡೋಣ. ಬಾಬಾಸಾಹೇಬರಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು, ಕಾಲು ನೋವು ಇತ್ತು, ಕಣ್ಣು ಮಂದವಾಗಿತ್ತು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅವರದೇ ಮಾತು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ 1956ರಲ್ಲಿ ಅವರೇ ಬರೆದ ಮುನ್ನುಡಿಯಲ್ಲಿ, ತಾವು ಕಾಯಿಲೆಯಿಂದ ಪಾರಾಗಿ ಗ್ರಂಥ ಮುಗಿಸಲು ಆದದ್ದು ಪತ್ನಿ ಸವಿತಾ ಮತ್ತು ಡಾಕ್ಟರ್ ಮಾಳವಣಕರ್ ಅವರ ಆರೈಕೆಯಿಂದ ಎಂದು ಕೃತಜ್ಞತೆ ಹೇಳಿದ್ದಾರೆ. 1957ರಲ್ಲಿ ಗ್ರಂಥ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಬಹಳ ವರ್ಷಗಳ ನಂತರವೇ ಅದು ಜನರ ಕೈಗೆ ಸಿಕ್ಕಿತು.

ಯೋಚಿಸಿ ನೋಡಿ. ಆಧಾರವಿಲ್ಲದ ಆರೋಪ ಊರೂರು ತಿರುಗಿತು, ಬಾಬಾಸಾಹೇಬರ ಸ್ವಂತ ಮಾತು ಮಾತ್ರ ಜನರನ್ನು ತಲುಪಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರ ಪಕ್ಕದಲ್ಲೇ ನಿಂತು ತ್ರಿಶರಣ, ಪಂಚಶೀಲ ತೆಗೆದುಕೊಂಡ ಹೆಣ್ಣುಮಗಳು ಬಹಳ ವರ್ಷ ಚಳವಳಿಯಿಂದ ದೂರವೇ ಬದುಕಿದರು. 2003ರಲ್ಲಿ ತೀರಿಕೊಳ್ಳುವವರೆಗೂ ಆ ಮಾತು ಅವರನ್ನು ಬಿಡಲಿಲ್ಲ.

ಅವರ ಮೇಲೆ ಆರೋಪ ಹಾಕುವವರ ಬಳಿ ಏನಿದೆ ಎಂದು ನಾನು ಬಹಳ ಜನರನ್ನು ಕೇಳಿದ್ದೇನೆ. ಕೊನೆಗೆ ಬರುವ ಉತ್ತರ ಒಂದೇ: "ಅವರು ಹುಟ್ಟಿನಿಂದ ಬ್ರಾಹ್ಮಣರಲ್ವಾ ಸರ್?" ಬಂಧುಗಳೇ, ಹುಟ್ಟನ್ನು ನೋಡಿ ಮನುಷ್ಯರ ಗುಣ ತೀರ್ಮಾನಿಸುವುದು ಯಾರ ಧರ್ಮ? ಹುಟ್ಟಿನಿಂದ ಯಾರೂ ಕೀಳಲ್ಲ, ಯಾರೂ ಮೇಲಲ್ಲ, ಮಾಡುವ ಕೆಲಸದಿಂದಲೇ ಎಂದು ವಸಲ ಸುತ್ತದಲ್ಲಿ ಭಗವಾನರು ಹೇಳಿದ್ದನ್ನು ನಾವು ನಮ್ಮ ಪರವಾಗಿ ಮಾತ್ರ ಓದಿಕೊಳ್ಳಲು ಬರುತ್ತದೆಯೇ? ನಮ್ಮನ್ನು ಸುಟ್ಟ ಅದೇ ತಕ್ಕಡಿಯಲ್ಲಿ ಇನ್ನೊಬ್ಬರನ್ನು ತೂಗಿದರೆ, ನಾವು ನಾಗಪುರಕ್ಕೆ ಹೋಗಿ ಬಿಟ್ಟುಬಂದದ್ದು ಏನನ್ನು?

ಬಾಬಾಸಾಹೇಬರೂ ಸಂಶಯ ಪಟ್ಟವರೇ. ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಹೆಣವನ್ನು ಮೊದಲ ಸಲ ಕಂಡು ಮನೆ ಬಿಟ್ಟ ಎಂಬ ಕಥೆಯನ್ನು ಅವರು ಒಪ್ಪಲಿಲ್ಲ. 29 ವರ್ಷದವರೆಗೂ ಒಬ್ಬ ಮನುಷ್ಯ ಇದನ್ನೆಲ್ಲ ಕಾಣದೆ ಇರಲು ಸಾಧ್ಯವೇ ಎಂದು ಕೇಳಿದರು. ಆ ಸಂಶಯಕ್ಕೆ ಕಾರಣ ಕೊಟ್ಟರು, ರೋಹಿಣಿ ನದಿಯ ನೀರಿನ ಜಗಳದ ವಿವರ ಮುಂದಿಟ್ಟರು, ಹೆಸರು ಹಾಕಿ ಅಚ್ಚು ಮಾಡಲು ಬರೆದರು. ಅವರ ದಾರಿಯಲ್ಲಿ ಸಂಶಯ ಎಂದರೆ ದುಡಿಮೆ. ಬೆರಳು ತಾಗಿಸಿ ಫಾರ್ವರ್ಡ್ ಮಾಡುವುದರಲ್ಲಿ ದುಡಿಮೆ ಎಲ್ಲಿದೆ?

*ಇಂದಿನ ಅಭ್ಯಾಸ:* ಇಂಥ ಪುಸ್ತಕ ಓದುವಾಗ, ಇಂಥ ಮೆಸೇಜ್ ಬಂದಾಗ, ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

1. ಇದನ್ನು ನೋಡಿದವರು ಯಾರು? ಅವರಿಗೆ ಹೆಸರಿದೆಯೇ?
2. ದಾಖಲೆ ಇದೆಯೇ? ಎದುರು ಸಾಕ್ಷಿ ಬಂದರೆ ಈ ಮಾತು ಬಿಟ್ಟುಕೊಡುತ್ತದೆಯೇ?
3. ಇದು ಸುಳ್ಳಾಗಿದ್ದರೆ ಯಾರಿಗೆ ನೋವಾಗುತ್ತದೆ?
4. ಓದುವಾಗ ನನ್ನ ಮನಸ್ಸಿನಲ್ಲಿ ಏಳುತ್ತಿರುವುದು ಪ್ರಜ್ಞೆಯೋ, ದ್ವೇಷವೋ?

ನಾಲ್ಕಕ್ಕೂ ಉತ್ತರ ಸಿಗುವವರೆಗೆ "ಹೀಗೆ ಕೇಳಿದ್ದೇನೆ" ಎಂದಷ್ಟೇ ಹೇಳೋಣ, ಮುಂದಕ್ಕೆ ಕಳಿಸುವುದು ಬೇಡ. ಸುಳ್ಳು ಹೇಳುವುದಿಲ್ಲ ಎಂಬ ನಾಲ್ಕನೆಯ ಶೀಲ ನಾಲಿಗೆಗೆ ಹೇಗೋ ಬೆರಳಿಗೂ ಹಾಗೆಯೇ. ಸಾಕ್ಷಿ ಇರುವ ಅನ್ಯಾಯಗಳೇ ನಮ್ಮ ಮುಂದೆ ರಾಶಿ ಬಿದ್ದಿವೆ. ಅವುಗಳ ದಾಖಲೆ ಹುಡುಕಿ, ಓದಿ, ಮಕ್ಕಳಿಗೆ ಹೇಳಿ, ನ್ಯಾಯ ಕೇಳಲು ನಮ್ಮ ಸಂಶಯದ ಶಕ್ತಿಯೆಲ್ಲ ಬೇಕು.

ಎಲ್ಲರಿಗೂ ಸಮ್ಯಕ್ ದೃಷ್ಟಿ, ಸಮ್ಯಕ್ ವಾಚಾ ಕೂಡಿಬರಲಿ.

ಭವತು ಸಬ್ಬ ಮಂಗಲಂ 🙏
ಜೈಭೀಮ್