ಇನ್ನೊಬ್ಬರು ನಡುಕಟ್ಟುವ ದಿನಕ್ಕಾಗಿ



ಪುನರುತ್ಥಾನದ ನಂತರ ಯೇಸುಸ್ವಾಮಿ ಸರೋವರದ ದಡದಲ್ಲಿ ಪೇತ್ರರಿಗೆ ಒಂದು ಮಾತು ಹೇಳಿದರು (ಯೊವಾನ್ನ 21:18). ಪ್ರಾಯದಲ್ಲಿ ಪೇತ್ರರು ತಾವೇ ನಡುಕಟ್ಟಿಕೊಂಡು ಇಷ್ಟಬಂದ ಕಡೆ ಹೋಗುತ್ತಿದ್ದರು. ಮುಪ್ಪಿನಲ್ಲಿ ಅವರು ಕೈ ಚಾಚುವರು, ಇನ್ನೊಬ್ಬರು ಅವರ ನಡುಕಟ್ಟಿ, ಇಷ್ಟವಿಲ್ಲದ ಕಡೆಗೆ ಕರೆದೊಯ್ಯುವರು. ಇದು ಪೇತ್ರರ ರಕ್ತಸಾಕ್ಷಿ ಮರಣದ ಸೂಚನೆ ಎಂದು ಶುಭಸಂದೇಶವೇ ತಿಳಿಸುತ್ತದೆ. ಆದರೆ ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವ ನನಗೆ ಈ ಮಾತು ಬೇರೊಂದು ರೀತಿಯಲ್ಲೂ ಕೇಳಿಸುತ್ತದೆ. ಪಂಚೆ ಉಡಿಸಿಕೊಳ್ಳಲು ಮಗನ ಕಡೆಗೆ ಕೈ ಚಾಚುವ ತಂದೆ, ಬಚ್ಚಲಿಗೆ ಹೋಗಲು ಸೊಸೆಯ ಹೆಗಲು ಹಿಡಿಯುವ ತಾಯಿ, ಇವರನ್ನು ನಮ್ಮ ಪ್ರತಿ ಬೀದಿಯಲ್ಲೂ ಕಾಣಬಹುದು.

ನಾವು ಮರಣಕ್ಕೆ ಸಿದ್ಧರಾಗಿರುತ್ತೇವೆ. ಸಮಾಧಿಗೆ ಹಣ ಎತ್ತಿಟ್ಟವರೂ ಇದ್ದಾರೆ. ಆದರೆ ಆರೋಗ್ಯಕ್ಕೂ ಸಮಾಧಿಗೂ ನಡುವೆ ಬರಬಹುದಾದ ಐದೋ ಹತ್ತೋ ವರ್ಷಗಳಿಗೆ ಸಿದ್ಧರಾದವರು ಎಷ್ಟು ಮಂದಿ?

ಒಂದು ಮನೆಯ ಸಂಗತಿ ಹೇಳುತ್ತೇನೆ. ಮನೆಯ ಯಜಮಾನರು ನಿವೃತ್ತರು, ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ತಮ್ಮೊಬ್ಬರ ಹೆಸರಿನಲ್ಲೇ ಠೇವಣಿ ಇಟ್ಟು, ಪತ್ನಿಯನ್ನು ನಾಮಿನಿ ಮಾಡಿ ನಿಶ್ಚಿಂತರಾಗಿದ್ದರು. ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೆಲವು ವಾರಗಳಲ್ಲಿ ಮನೆಯವರ ಗುರುತೂ ಹೋಯಿತು. ಪತ್ನಿ ಬ್ಯಾಂಕಿಗೆ ಹೋದರೆ ಅಲ್ಲಿನವರು ಹೇಳಿದ್ದಿಷ್ಟು: ನಾಮಿನಿಯ ಹಕ್ಕು ಶುರುವಾಗುವುದು ಖಾತೆದಾರರು ತೀರಿಕೊಂಡ ಮೇಲೆ, ಅಲ್ಲಿಯವರೆಗೆ ನಿಮಗೆ ಒಂದು ರೂಪಾಯಿಯನ್ನೂ ಕೊಡುವಂತಿಲ್ಲ. ಬ್ಯಾಂಕಿನವರದು ತಪ್ಪೆನ್ನಲಾಗದು, ಕಾನೂನೇ ಹಾಗಿದೆ. ಆ ತಾಯಿ ಬಳೆ ಅಡವಿಟ್ಟು ಔಷಧಿ ತಂದರು. ನಾನು ಹೋದಾಗ ನನ್ನನ್ನು ನೇರವಾಗಿ ಕೇಳಿದರು: "ಸ್ವಾಮಿ, ಹಾಗಾದರೆ ಇವರು ಬೇಗ ಸಾಯಲಿ ಎಂದು ನಾನು ಜಪಸರ ಮಾಡಬೇಕೇ?"

ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಯಿಂದಲೇ ಹುಟ್ಟಿದೆ.

ಗಂಡ ಹೆಂಡಿರ ಉಳಿತಾಯ ಖಾತೆ ಜಂಟಿಯಾಗಿರಲಿ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತಿರಲಿ. ಠೇವಣಿಯ ವಿಷಯದಲ್ಲಿ ಇಷ್ಟೇ ಸಾಲದು. ಅವಧಿಗೆ ಮುಂಚೆ ಅದನ್ನು ಮುರಿಯಲು ಒಬ್ಬರ ಸಹಿ ಸಾಕೇ, ಇಬ್ಬರದೂ ಬೇಕೇ ಎಂದು ಇಡುವಾಗಲೇ ವಿಚಾರಿಸಿ, ಬೇಕಾದ ಸೂಚನೆಯನ್ನು ಬರೆದುಕೊಡಿ. ಬುದ್ಧಿ ಸ್ವಾಧೀನದಲ್ಲಿದ್ದು ಕೈ ಮಾತ್ರ ಸೋತವರಿಗೆ ದಾರಿಯಿದೆ. ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಬುದ್ಧಿಯೇ ಮಂಕಾದರೆ ಕಷ್ಟ. ಮಗನಿಗೆ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ಹಲವರು ಧೈರ್ಯವಾಗಿರುತ್ತಾರೆ. ಆದರೆ 1872ರ ಕರಾರು ಕಾಯಿದೆಯ ಪ್ರಕಾರ, ಬರೆದುಕೊಟ್ಟವರ ಮನಸ್ಸಿನ ಸ್ವಾಸ್ಥ್ಯ ಕೆಟ್ಟರೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಆಮೇಲೆ ಉಳಿಯುವುದು ನ್ಯಾಯಾಲಯದ ಮೆಟ್ಟಿಲು.

ಖರ್ಚಿನ ಲೆಕ್ಕದಲ್ಲೂ ನಾವು ತಪ್ಪುತ್ತೇವೆ. ಆಸ್ಪತ್ರೆಯ ಬಿಲ್ಲಿಗೆ ಹೆದರುತ್ತೇವೆ, ಅದಕ್ಕೆ ವಿಮೆ ಮಾಡಿಸುತ್ತೇವೆ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿತು. ಒಳ್ಳೆಯದೇ. ಆದರೆ ಇದೆಲ್ಲ ಆಸ್ಪತ್ರೆಯ ಹಾಸಿಗೆಗೆ. ಮನೆಯ ಹಾಸಿಗೆಗೆ ಬೇಕಾದ ಹೋಂ ನರ್ಸ್, ಡಯಾಪರ್, ವಾಟರ್ ಬೆಡ್, ಇವುಗಳ ಖರ್ಚು ಸಾಮಾನ್ಯವಾಗಿ ನಮ್ಮ ಜೇಬಿನಿಂದಲೇ ಹೋಗಬೇಕು, ಅದೂ ತಿಂಗಳು ತಿಂಗಳು. 60 ತುಂಬಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಐದು ವರ್ಷಕ್ಕೆ ಹಣವಿಟ್ಟು ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯಬಹುದು. 2023ರಿಂದ ಅದರ ಮಿತಿ 30 ಲಕ್ಷ. ಅಷ್ಟು ಹಣ ಯಾರಲ್ಲಿದೆ ಎಂದು ನೀವು ನಗಬಹುದು. ಒಂದು ಲಕ್ಷವಿದ್ದರೂ ಅದಕ್ಕೆ 'ನಮ್ಮ ಆರೈಕೆಯ ಹಣ' ಎಂದು ಹೆಸರಿಟ್ಟು, ಮೊಮ್ಮಗಳ ಮದುವೆಗೂ ಮುಟ್ಟದಿರುವುದು ದೊಡ್ಡ ವಿಷಯ.

ಇನ್ನೊಂದು ಖರ್ಚನ್ನು ಯಾರೂ ಬರೆದಿಡುವುದಿಲ್ಲ. ಮದುವೆಯಾಗದೆ ಮನೆಯಲ್ಲಿ ಉಳಿದ ಮಗಳು ಕೆಲಸ ಬಿಟ್ಟು ತಂದೆತಾಯಿಯ ಮಲಮೂತ್ರ ಬಳಿಯುತ್ತಾಳೆ. ಅವರು ತೀರಿಕೊಂಡ ತಿಂಗಳಲ್ಲೇ ಅಣ್ಣತಮ್ಮಂದಿರು ಮನೆ ಮಾರುವ ಮಾತೆತ್ತುತ್ತಾರೆ. ಅವಳ ಮುಪ್ಪಿಗೆ ಯಾರು? ಅವಳಿಗೇನು ಉಳಿಯಬೇಕು ಎಂಬುದನ್ನು ತಂದೆತಾಯಿ ಬದುಕಿದ್ದಾಗಲೇ ಉಯಿಲಿನಲ್ಲಿ ಬರೆಯಲಿ. ಇದು ದಾನವಲ್ಲ, ಅವಳಿಗೆ ಸಲ್ಲಬೇಕಾದ ಕೂಲಿ.

ಆಸ್ತಿಯ ಬಗ್ಗೆ ಶ್ರೀಗ್ರಂಥ ಎಷ್ಟು ಬಿಚ್ಚಿ ಮಾತಾಡುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸಿರಾಖನ ಗ್ರಂಥದ 33ನೇ ಅಧ್ಯಾಯ ತೆರೆದು ನೋಡಿ. ಉಸಿರಿರುವ ತನಕ ಮಗನಿಗಾಗಲಿ, ಹೆಂಡತಿಗಾಗಲಿ, ಸಹೋದರನಿಗಾಗಲಿ, ಗೆಳೆಯನಿಗಾಗಲಿ ನಿನ್ನ ಮೇಲೆ ಅಧಿಕಾರ ಕೊಡಬೇಡ, ನೀನು ಮಕ್ಕಳ ಕೈ ನೋಡುವುದಕ್ಕಿಂತ ಮಕ್ಕಳು ನಿನ್ನನ್ನು ಕೇಳುವುದೇ ಮೇಲು, ಆಸ್ತಿ ಹಂಚುವುದು ಅಂತ್ಯಕಾಲದಲ್ಲಿ ಎಂದು ಆ ಜ್ಞಾನಿ ಬೋಧಿಸುತ್ತಾನೆ. ಹಾಗೆಂದು ಮಕ್ಕಳನ್ನು ದ್ವೇಷಿಸಿದವನಲ್ಲ. ಅದೇ ಗ್ರಂಥದ 3ನೇ ಅಧ್ಯಾಯದಲ್ಲಿ, ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು ಎಂದು ಮಗನಿಗೆ ತಿಳಿಹೇಳುವವನೂ ಅವನೇ.

ಆದ್ದರಿಂದ ಮಗನ ಒತ್ತಾಯಕ್ಕೋ ಪ್ರೀತಿಗೋ ಇರುವ ಒಂದೇ ಮನೆಯನ್ನು ದಾನಪತ್ರ ಮಾಡುವ ಮೊದಲು ಹತ್ತು ಸಲ ಯೋಚಿಸಿ. ದಾನಪತ್ರ ಇಂದೇ ಜಾರಿಗೆ ಬರುತ್ತದೆ. ಉಯಿಲು ನಿಮ್ಮ ನಂತರ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಅದನ್ನು ಬದಲಿಸಬಹುದು, ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ದಾನ ಕೊಡಲೇಬೇಕಾದರೆ, ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಮಕ್ಕಳು ಅದನ್ನು ಮುರಿದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ಆ ದಾನವನ್ನು ರದ್ದುಪಡಿಸಬಹುದು. ಷರತ್ತಿಲ್ಲದೆ ಕೊಟ್ಟವರ ದಾವೆ ನಿಲ್ಲುವುದು ಕಷ್ಟವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪಿನಿಂದ ತಿಳಿಯುತ್ತದೆ.

ದೇವಾಲಯಕ್ಕೆ ಕೊಡುವವರಿಗೂ ಇದೇ ಮಾತು. ಗುರುವೊಬ್ಬರು ಹೀಗೆ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ತಂದೆತಾಯಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ನುಣುಚಿಕೊಂಡವರನ್ನು ಪ್ರಭು ಖಂಡಿಸಲಿಲ್ಲವೇ (ಮಾರ್ಕ 7:11-13)? ಮೊದಲು ನಿಮ್ಮ ಹಾಗೂ ನಿಮ್ಮ ಬಾಳಸಂಗಾತಿಯ ಆರೈಕೆ, ಮಿಕ್ಕಿದರೆ ಗಂಟೆಗೋಪುರ.

ಇಷ್ಟೆಲ್ಲ ಲೆಕ್ಕ ಹಾಕುವುದು ಅವಿಶ್ವಾಸವಲ್ಲವೇ, ನಾಳೆಯ ಚಿಂತೆ ಬೇಡವೆಂದು ಪ್ರಭುವೇ ಹೇಳಿದ್ದಾರಲ್ಲ ಎಂದು ಕೆಲವರು ಕೇಳುತ್ತಾರೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವನು ಎಂದವರೂ ಅವರೇ. ಶಿಲುಬೆಯ ಮೇಲೆ ಪ್ರಾಣ ಬಿಡುವ ಮುನ್ನ, ವಿಧವೆ ತಾಯಿ ಯಾರ ಮನೆಯಲ್ಲಿರಬೇಕು ಎಂಬುದನ್ನು ಅವರು ಗೊತ್ತುಮಾಡಿದರು. ಬಾಯಲ್ಲಿ ಮಾತಿರುವಾಗಲೇ ಗೊತ್ತುಮಾಡಿದರು.

ಕೂಡಿಡಲು ಏನೂ ಇಲ್ಲದವರೂ ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಹೋಂ ನರ್ಸ್ ಒಬ್ಬರ ಒಂದೆರಡು ದಿನದ ಸಂಬಳಕ್ಕೂ ಸಾಲದು. ಅವರ ಭಾರ ನಮ್ಮೆಲ್ಲರದು. 1839ರಲ್ಲಿ ಫ್ರಾನ್ಸಿನ ಸಂತ ಜ್ಯಾನ್ ಜುಗಾನ್ ಕಣ್ಣಿಲ್ಲದ, ಪಾರ್ಶ್ವವಾಯು ಪೀಡಿತ ಮುದುಕಿಯೊಬ್ಬಳನ್ನು ಮನೆಗೆ ತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಅವರ ಸಹೋದರಿಯರು ಬೆಂಗಳೂರಿನಲ್ಲೂ ಬಡ ವೃದ್ಧರ ಸೇವೆಯಲ್ಲಿದ್ದಾರೆ. ಅನುಕೂಲವಿರುವ ಮಕ್ಕಳು ತಮ್ಮ ತಂದೆತಾಯಿಯನ್ನು ಅಂಥ ಕಡೆ ಬಿಟ್ಟರೆ, ಅದು ಬಡವರೊಬ್ಬರ ಹಾಸಿಗೆಯನ್ನು ಕಸಿದುಕೊಂಡಂತೆ.

ಆ ಬಳೆ ಅಡವಿಟ್ಟ ತಾಯಿಯ ಮನೆಗೆ ಈ ತಿಂಗಳೂ ಹೋಗಿದ್ದೆ. ಯಜಮಾನರು ಹಾಗೇ ಇದ್ದಾರೆ. ಮಕ್ಕಳು ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಾರೆ, ಅಲ್ಲಿಯವರೆಗೆ ಸರದಿಯ ಮೇಲೆ ಖರ್ಚು ಹೊರುತ್ತಿದ್ದಾರೆ. ತಾಯಿ ನನಗೊಂದು ನೋಟುಪುಸ್ತಕ ತೋರಿಸಿದರು. ತಮ್ಮ ಹೆಸರಿನಲ್ಲಿ ಏನೇನಿದೆ, ಕಾಗದಪತ್ರ ಯಾವ ಪೆಟ್ಟಿಗೆಯಲ್ಲಿದೆ, ತಮಗೇನಾದರೂ ಆದರೆ ಯಾರು ಯಾವ ಖರ್ಚು ನೋಡಬೇಕು, ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲಿನಲ್ಲಿ, ನೆನಪು ಹೋದರೂ ಭಾನುವಾರ ನನ್ನನ್ನು ಪೂಜೆಗೆ ಕರೆದುಕೊಂಡು ಹೋಗಬೇಕು ಎಂದಿತ್ತು. ಅದರ ಕೆಳಗೆ ಮೂವರು ಮಕ್ಕಳ ಸಹಿಯಿತ್ತು.