ಪುಣ್ಯದ ಬಾಳೆಹಣ್ಣು

ಬೆಂಗಳೂರಿನ ನಗರ್ತಪೇಟೆಯಿಂದ ರಜೆಗೆ ಊಟಿ ಕಡೆ ಹೊರಡುವ ಟಿಟಿಗಳಲ್ಲಿ ಸೀಟಿನಡಿ ಒಂದು ಚೀಲ ಬಾಳೆಹಣ್ಣು ಇರುತ್ತದೆ. ಕೆ.ಆರ್. ಮಾರ್ಕೆಟ್‌ನಲ್ಲಿ ಕೊಂಡದ್ದು, ಮಕ್ಕಳಿಗಲ್ಲ, ಬಂಡೀಪುರದ ಕೋತಿಗಳಿಗೆ. ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವವರಿಗೆ ಅದು ಪುಣ್ಯದ ಕೆಲಸ. ‘ವನ್ಯಜೀವಿಗಳಿಗೆ ಆಹಾರ ನೀಡಬಾರದು, ತಪ್ಪಿದರೆ ದಂಡ’ ಎಂಬರ್ಥದ ಫಲಕ ರಸ್ತೆ ಬದಿಯಲ್ಲೇ ಇದೆ. ಹಣ್ಣು ಅದರ ಬುಡದಲ್ಲೇ ಬೀಳುತ್ತದೆ.

ಇವರನ್ನು ಬುದ್ಧಿಗೇಡಿಗಳೆಂದು ಬಯ್ಯುವುದು ಸುಲಭ, ನಾನು ಬಯ್ಯಲಾರೆ. ಕೊಡುವ ಕೈಯಲ್ಲಿ ದಯೆಯೇನೋ ಇದೆ. ಕೊಟ್ಟ ಮೇಲೆ ಏನಾಯಿತು ಎಂದು ತಿರುಗಿ ನೋಡುವ ಅಭ್ಯಾಸವಿಲ್ಲ, ಅಷ್ಟೆ. ಹಣ್ಣಿನ ರುಚಿ ಹತ್ತಿದ ಕೋತಿ ಮರ ಬಿಟ್ಟು ಡಾಂಬರಿನ ಅಂಚಿಗೆ ಬಂದು ಕೂರುತ್ತದೆ. ಗಾಡಿಯ ಸದ್ದು ಕೇಳಿದರೆ ಹೊಟ್ಟೆಗೆ ಅಂಟಿದ ಮರಿಯ ಸಮೇತ ಮುಂದಕ್ಕೆ ನುಗ್ಗುತ್ತದೆ. ಎಲ್ಲ ಗಾಡಿಗಳೂ ಬ್ರೇಕ್ ಹಾಕುವುದಿಲ್ಲ. ಇನ್ನೊಂದು ಕಾರಿನ ಕಿಟಕಿಯಲ್ಲಿ ಮಗುವೊಂದು ಚಿಪ್ಸ್ ಹಿಡಿದಿದ್ದರೆ ಕಿತ್ತುಕೊಳ್ಳುವ ಭರದಲ್ಲಿ ಕೈ ಪರಚುತ್ತದೆ. ಲೆಕ್ಕದಲ್ಲಿ ಪಳಗಿದ ಪೇಟೆಯವರನ್ನೇ ಕೇಳುತ್ತೇನೆ: ಆ ಮರಿಯನ್ನು, ಆ ಮಗುವನ್ನು ಯಾರ ಖಾತೆಗೆ ಬರೆಯೋಣ?

ಇದರಲ್ಲಿ ಒಂದು ಮಾತನ್ನೂ ಫಲಕ ಹೇಳುವುದಿಲ್ಲ. ಕೂಡದು ಎನ್ನುತ್ತದೆ, ದಂಡ ಎನ್ನುತ್ತದೆ. ಕೇಳದೆ ನಂಬು ಎನ್ನುವ ಪುರೋಹಿತನಿಗೂ ಕೇಳದೆ ಪಾಲಿಸು ಎನ್ನುವ ಅರಣ್ಯ ಇಲಾಖೆಗೂ ಇಷ್ಟರಮಟ್ಟಿಗೆ ಭೇದವಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಪವಾಡ ಪುರುಷರ ಮುಂದಿಟ್ಟ ‘ಯಾಕೆ’ ಎಂಬ ಪ್ರಶ್ನೆ ಮಲ್ಲೇಶ್ವರದ ಅರಣ್ಯ ಭವನಕ್ಕೂ ಸಲ್ಲುತ್ತದೆ.

ಕಾರಣ ಹೇಳಿದರೆ ಜನ ಕೇಳುತ್ತಾರೆಯೇ? ಇದೇ ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಹೈಕೋರ್ಟಿನಲ್ಲಿ, ಪತ್ರಿಕೆಗಳಲ್ಲಿ, ಕೇರಳದ ತಕರಾರಿನಲ್ಲಿ ಅದರ ಪರ ವಿರೋಧ ಎರಡೂ ಬಯಲಾಗಿ ಚರ್ಚೆಯಾದವು. ಗಾಡಿಗೆ ಸಿಕ್ಕು ಪ್ರಾಣಿಗಳು ಸಾಯುತ್ತಿದ್ದವು ಎಂಬುದನ್ನು ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಒಪ್ಪದವರಿಗೂ ಕಾರಣ ಗೊತ್ತು.

ಕಾರಣ ಬಿಟ್ಟು ನಾಚಿಸಲು ಹೊರಟದ್ದೂ ಉಂಟು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ರಸ್ತೆಯಲ್ಲಿ ಒಬ್ಬಾತ ಆನೆಯ ಮುಂದೆ ಸೆಲ್ಫಿಗೆ ಹೋಗಿ ಅದರ ಕಾಲಡಿಯಿಂದ ಹೇಗೋ ಬದುಕಿದ. 25,000 ರೂಪಾಯಿ ದಂಡ ಬಿತ್ತು. ದಂಡ ಸರಿಯೇ. ಆದರೆ ಅವನಿಂದ ತಪ್ಪೊಪ್ಪಿಗೆಯ ವಿಡಿಯೊ ಮಾಡಿಸಿ ಊರಿಗೆಲ್ಲ ಹಂಚಿದ್ದು ನನಗೆ ಹಿಡಿಸಲಿಲ್ಲ. ಮೈ ಜರ್ಜರಿತವಾದವನನ್ನು ನಿಲ್ಲಿಸಿ ನಾಚಿಸಿದರೆ ನೋಡಿದವರು ಕಲಿಯುವುದು ಸಿಕ್ಕಿಬೀಳಬಾರದು ಎಂಬುದನ್ನು ಮಾತ್ರ.

ಕಾರಣ ಬಲ್ಲವರು ಕಾಡಿನಲ್ಲೇ ಇದ್ದಾರೆ. ಕಳ್ಳಬೇಟೆ ತಡೆ ಶಿಬಿರಗಳ ವಾಚರ್‌ಗಳಲ್ಲಿ ಅನೇಕರು ಜೇನುಕುರುಬರು, ಸೋಲಿಗರು. ಒಣಗಿದ ತರಗಿಗೆ ಕಾಲ ನೋಡಿ ಸಣ್ಣ ಬೆಂಕಿ ಕೊಡುತ್ತಿದ್ದ ಸೋಲಿಗರ ‘ತರಗು ಬೆಂಕಿ’ಯ ತಿಳಿವಳಿಕೆಯನ್ನು ಈಗ ವಿಜ್ಞಾನಿಗಳೂ ಕಿವಿಗೊಟ್ಟು ಕೇಳುತ್ತಿದ್ದಾರೆ. ನಾವು ಮಾತ್ರ ಆ ವಾಚರ್‌ನನ್ನು ಕಂಡಾಗ ಕೇಳುವುದು ಒಂದೇ: “ಗುರೂ, ಹುಲಿ ಎಲ್ಲಿ?” ಇಲಾಖೆಯೂ ಅವನ ಕೈಗೆ ಸೀಟಿ ಕೊಟ್ಟಿದೆ, ಮಾತು ಕೊಟ್ಟಿಲ್ಲ.

ಅರಣ್ಯ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಪ್ರತಿ ಫಲಕದಲ್ಲೂ ದಂಡದ ಸಾಲಿನ ಮೇಲೆ ಕಾರಣದ ಒಂದು ಸಾಲು ಬರೆಸಿ. ರಜಾದಿನಗಳಲ್ಲಿ ಮೇಲುಕಾಮನಹಳ್ಳಿಯಲ್ಲಿ ಗಾಡಿ ನಿಲ್ಲುವಾಗ ಒಬ್ಬ ವಾಚರ್ ಐದು ನಿಮಿಷ ಜನರೊಡನೆ ಮಾತನಾಡಲಿ. ಆ ಕೆಲಸಕ್ಕೆ ಬೇರೆ ಭತ್ಯೆ ಕೊಡಿ. ಪೇಟೆಯ ಗೆಳೆಯರೇ, ನೀವು ಬಾಳೆಹಣ್ಣು ಒಯ್ಯಿರಿ, ಗಾಡಿಯೊಳಗೇ ಕೂತು ತಿನ್ನಿರಿ.