ಉಂಡ ಮನೆ ಯಾವುದು?

ಉಂಡ ಮನೆಗೆ ಎರಡು ಬಗೆಯಬೇಡ. ಈ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಹೊಸದಾಗಿ ಸೇರಿದ ಆಳಿಗೆ ಯಜಮಾನ ಇದನ್ನು ಹೇಳಿದ್ದಾನೆ. ಪಟ್ಟಣದ ನಂಟರ ಮನೆಯಲ್ಲಿದ್ದು ಓದಲು ಹೊರಟ ಹುಡುಗನಿಗೆ ಅಜ್ಜಿ ಹೇಳಿದ್ದಾಳೆ. ಕೆಲವು ಕಡೆ ‘ಉಪ್ಪುಂಡ ಮನೆ’ ಎನ್ನುತ್ತಾರೆ. ಭಾರತೀಯ ಸೇನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ‘ನಾಮ್, ನಮಕ್, ನಿಶಾನ್’ ಎಂಬ ಮಾತಿನ ನಡುವೆ ಕೂತಿರುವುದೂ ಅದೇ ಉಪ್ಪು. ಪಲ್ಟನ್ನಿನ ಹೆಸರಿಗೆ, ತಿಂದ ಉಪ್ಪಿಗೆ, ಹಿಡಿದ ಬಾವುಟಕ್ಕೆ ಸಿಪಾಯಿ ಪ್ರಾಣ ಕೊಡುತ್ತಾನೆ ಎಂಬುದು ಅದರ ತಾತ್ಪರ್ಯ.

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ವರ್ಷ, ಆಮೇಲೆ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಒಂದು ವರ್ಷ ಕಳೆದು, ನಿರ್ಗಮನ ಪಥಸಂಚಲನದ ದಿನ ‘ಅಂತಿಮ ಪಗ್’ ಎಂಬ ಕೊನೆಯ ಹೆಜ್ಜೆಯನ್ನು ದಾಟುವ ಕೆಡೆಟ್‌ಗಳಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕೆಂಬ ಆಸೆ ನನ್ನದು. ವಿಜಯಪುರದ, ಕೊಡಗಿನ ಸೈನಿಕ ಶಾಲೆಗಳಿಂದ, ಬೆಳಗಾವಿ ಮತ್ತು ಬೆಂಗಳೂರಿನ ಮಿಲಿಟರಿ ಶಾಲೆಗಳಿಂದ ಹೋದ ನಮ್ಮ ಮಕ್ಕಳೂ ಆ ಸಾಲಿನಲ್ಲಿರುತ್ತಾರೆ. 2025ರ ಮೇ 30ರಂದು ಖಡಕ್‌ವಾಸ್ಲಾದಿಂದ ಹೊರಬಿದ್ದ 148ನೇ ತಂಡದಲ್ಲಿ ಮೊದಲ ಬಾರಿಗೆ 17 ಹೆಣ್ಣುಮಕ್ಕಳಿದ್ದರು. ಅವರು ಇನ್ನೂ ಅಕಾಡೆಮಿಯಲ್ಲಿದ್ದಾಗಲೇ ದೇಶದ ಪಶ್ಚಿಮ ಗಡಿಯಲ್ಲಿ ಡ್ರೋನ್‌ಗಳು ಹಾರಾಡಿದ್ದವು. ಇಂಥ ಕಾಲದಲ್ಲಿ ಅಧಿಕಾರಿಯಾಗುವವರಿಗೆ ಎರಡು ಬಗೆಯಬೇಡಿ ಎಂದಷ್ಟೇ ಹೇಳಿದರೆ ಸಾಲದು. ಯಾವ ಮನೆಗೆ ಎಂಬುದನ್ನು ಮೊದಲು ಹೇಳಬೇಕು.

ಹಳೆಯ ಕರ್ನಾಟಕದಲ್ಲಿ ಇದಕ್ಕೆ ಉತ್ತರ ನೇರವಾಗಿತ್ತು. ಅನ್ನ ಹಾಕಿದ ಒಡೆಯನೇ ಮನೆ. ಆ ಅನ್ನದ ಋಣಕ್ಕೆ ‘ಜೋಳವಾಳಿ’ ಎಂಬ ಹೆಸರಿತ್ತು. ತಿಂದ ಜೋಳಕ್ಕೆ ಪ್ರತಿಯಾಗಿ ಜೀವ ಕೊಟ್ಟವರ ವೀರಗಲ್ಲುಗಳು ನಮ್ಮ ಊರೂರ ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ಇವತ್ತಿಗೂ ನಿಂತಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಂಬವಿದೆ. ಶಿಲ್ಪಗಳನ್ನು ನೋಡಲು ಹೋದವರು ಅದನ್ನು ದಾಟಿ ಹೋಗಿಬಿಡುತ್ತಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ ಅದು. 1220ರಲ್ಲಿ ದೊರೆ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಮತ್ತು ಸಾವಿರ ಮಂದಿ ಬಂಟರು ತಾವೂ ಪ್ರಾಣ ಬಿಟ್ಟರೆಂದು ಅಲ್ಲಿನ ಶಾಸನ ಹೇಳುತ್ತದೆ. ಕತ್ತಿಯಿಂದ ತಮ್ಮನ್ನು ತಾವೇ ಬಲಿಕೊಡುತ್ತಿರುವ ವೀರರನ್ನು ಕಂಬದ ಮೇಲೆ ಕಡೆದಿದ್ದಾರೆ. ಅದನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಅಂದು ಸತ್ತ ಸಾವಿರ ಯೋಧರು ಬದುಕಿದ್ದರೆ ಹೊಯ್ಸಳ ನಾಡಿಗೆ ಎಷ್ಟು ಆಸರೆಯಾಗುತ್ತಿದ್ದರು ಎಂಬ ಯೋಚನೆಯೂ ಬರುತ್ತದೆ. ಅವರ ಮನೆ ಒಬ್ಬ ಮನುಷ್ಯನಾಗಿದ್ದ. ಅವನು ಹೋದ ಮೇಲೆ ಕಾಯಲು ಅವರಿಗೆ ಏನೂ ಉಳಿದಿರಲಿಲ್ಲ.

ಕರ್ಣನ ಕತೆಯೂ ಇದೇ. ಪಂಪನಿಂದ ಹಿಡಿದು ಇವತ್ತಿನ ಯಕ್ಷಗಾನ ಪ್ರಸಂಗಗಳವರೆಗೆ ಕನ್ನಡ ಮನಸ್ಸು ಕರ್ಣನನ್ನು ಎದೆಗೊತ್ತಿಕೊಂಡಿದೆ. ಹುಟ್ಟಿನ ಗುಟ್ಟು ತಿಳಿದ ಮೇಲೂ ಅನ್ನವಿಟ್ಟವನ ಕೈ ಬಿಡಲಿಲ್ಲ ಎಂದು ನಾವು ಅವನಿಗಾಗಿ ಕಣ್ಣೀರು ಹಾಕುತ್ತೇವೆ. ನಾನೂ ಹಾಕಿದ್ದೇನೆ. ಆದರೂ ಸಮವಸ್ತ್ರ ತೊಡುವ ಮಕ್ಕಳ ಮುಂದೆ ಕರ್ಣನನ್ನು ಆದರ್ಶವೆಂದು ನಿಲ್ಲಿಸಲು ನಾನು ಒಪ್ಪುವುದಿಲ್ಲ. ಒಡೆಯ ಹಿಡಿದ ದಾರಿ ತಪ್ಪೆಂದು ತಿಳಿದೂ ಅವನ ಉಪ್ಪಿಗಾಗಿ ಬಿಲ್ಲೆತ್ತುವ ನಿಷ್ಠೆ ಕಾವ್ಯದಲ್ಲಿ ದೊಡ್ಡದು. ಗಣರಾಜ್ಯದ ಸೇನೆಗೆ ಅದು ಅಪಾಯ.

ಮಕ್ಕಳೇ, ನೀವು ಸ್ವೀಕರಿಸುವ ಪ್ರಮಾಣದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ, ಯಾವ ಪಕ್ಷದ ಹೆಸರೂ ಇಲ್ಲ. ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆ, ರಾಷ್ಟ್ರಪತಿಯ ಮತ್ತು ಮೇಲಧಿಕಾರಿಗಳ ಆಜ್ಞೆಯಂತೆ ನೆಲ, ಜಲ, ಆಕಾಶ ಎಲ್ಲಿಗಾದರೂ ಹೋಗುತ್ತೇವೆ, ಪ್ರಾಣಕ್ಕೆ ಸಂಚಕಾರ ಬಂದರೂ ಹಿಂಜರಿಯುವುದಿಲ್ಲ ಎನ್ನುತ್ತೀರಿ. ನಾಲ್ಕು ವರ್ಷ ನಿಮ್ಮ ತಟ್ಟೆಗೆ ಬಿದ್ದ ಅನ್ನ ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸಿ. ರಾಯಚೂರಿನಲ್ಲಿ ಸಾಬೂನು ಕೊಂಡ ಕೂಲಿ ಹೆಂಗಸು ಕೊಟ್ಟ ತೆರಿಗೆಯೂ ಅದರಲ್ಲಿದೆ. ಮಣಿಪುರದ, ಕಾಶ್ಮೀರದ ಅಂಗಡಿಯವನು ಕೊಟ್ಟದ್ದೂ ಇದೆ. ಅವರು ಯಾವ ಜಾತಿ, ಯಾವ ಧರ್ಮ, ಯಾರಿಗೆ ಮತ ಹಾಕುತ್ತಾರೆ ಎಂದು ಆ ಅನ್ನ ಕೇಳಲಿಲ್ಲ. ಅವರೆಲ್ಲರೂ ಸೇರಿದ್ದೇ ನಿಮ್ಮ ಉಂಡ ಮನೆ. ಆ ಮನೆಯ ಕಟ್ಟುಪಾಡು ಸಂವಿಧಾನ.

ಒಟ್ಟಿಗೆ ಉಂಡವರೆಲ್ಲ ಒಂದೇ ಮನೆಯವರಾಗಿ ಉಳಿಯುವುದಿಲ್ಲ ಎಂಬುದಕ್ಕೆ ಡೆಹ್ರಾಡೂನಿನ ಮೊದಲ ತಂಡವೇ ಸಾಕ್ಷಿ. 1932ರ ಅಕ್ಟೋಬರಿನಲ್ಲಿ 40 ಕೆಡೆಟ್‌ಗಳೊಂದಿಗೆ ಅಕಾಡೆಮಿ ಶುರುವಾಯಿತು. ಆ ಒಂದೇ ಮೆಸ್ಸಿನಲ್ಲಿ ಉಂಡ ಸ್ಯಾಮ್ ಮಾಣೆಕ್ ಶಾ ಭಾರತದ, ಮುಹಮ್ಮದ್ ಮೂಸಾ ಪಾಕಿಸ್ತಾನದ, ಸ್ಮಿತ್ ಡನ್ ಬರ್ಮಾದ ಸೇನಾ ಮುಖ್ಯಸ್ಥರಾದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇನೆಯನ್ನು ನಡೆಸಿದವರು ಮೂಸಾ. ಸಹಪಾಠಿಗಳ ನಡುವಿನ ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ಮೆಸ್ಸಿನ ಉಪ್ಪು ಒಂದು, ದೇಶದ ಉಪ್ಪು ಇನ್ನೊಂದು.

ಈ ವ್ಯತ್ಯಾಸವನ್ನು ಬದುಕಿ ತೋರಿಸಿದವರು ಕೊಡಗಿನ ಕೆ.ಎಂ. ಕಾರ್ಯಪ್ಪ. 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಅವರು. ಸೇನಾ ದಿನ ಆಚರಿಸುವುದು ಅದೇ ನೆನಪಿಗೆ. 1965ರಲ್ಲಿ ಅವರು ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ವಾಯುಪಡೆಯಲ್ಲಿದ್ದ ಮಗನ ಹಂಟರ್ ವಿಮಾನವನ್ನು ಪಾಕಿಸ್ತಾನ ಹೊಡೆದುರುಳಿಸಿ ಆ ಮಗನನ್ನು ಸೆರೆಹಿಡಿಯಿತು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರಿದ್ದ ಸೇನೆಯಲ್ಲೇ ಇದ್ದವರು. ಹಳೆಯ ಪರಿಚಯದಿಂದ, ಮಗನನ್ನು ಬಿಟ್ಟುಕೊಡುವುದಾಗಿ ಹೇಳಿಕಳುಹಿಸಿದರು. ಸೆರೆಯಲ್ಲಿರುವ ಪ್ರತಿಯೊಬ್ಬ ಸೈನಿಕನೂ ತನ್ನ ಮಗನೇ, ಒಬ್ಬನಿಗೆ ಮಾತ್ರ ರಿಯಾಯಿತಿ ಬೇಡ ಎಂದು ಕಾರ್ಯಪ್ಪ ತಿಳಿಸಿದರು. ಮಗ ಮರಳಿದ್ದು 1966ರ ಆರಂಭದಲ್ಲಿ, ಉಳಿದ ಸೆರೆಯಾಳುಗಳೊಂದಿಗೆ. ಗಾದೆಗೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬರೆಯುವುದು ಕಷ್ಟ.

ಇಲ್ಲಿಯವರೆಗೆ ಹೇಳಿದ್ದು ಮನಸ್ಸಿನ ನಿಷ್ಠೆ. ಬದಲಾದ ಕಾಲ ಗಾದೆಗೆ ಹೊಸದೊಂದು ತೊಡಕು ತಂದಿದೆ. ಮೊದಲೆಲ್ಲ ದ್ರೋಹ ಮಾಡಲು ದ್ರೋಹದ ಬುದ್ಧಿ ಬೇಕಿತ್ತು. ಈಗ ನಿಷ್ಕಲ್ಮಶ ಮನಸ್ಸಿನವನ ಕೈಯಿಂದಲೂ ಮನೆಗೆ ಕೇಡಾಗಬಹುದು.

2018ರ ಆರಂಭದಲ್ಲಿ ಲೋಕಕ್ಕೆ ಗೊತ್ತಾದ ಒಂದು ಸಂಗತಿ ಇದು. ಓಟದ ಲೆಕ್ಕವಿಡುವ ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಒಂದು ನಕ್ಷೆಯಾಗಿ ಪ್ರಕಟಿಸಿತ್ತು. ಕತ್ತಲೆಯಂತಿದ್ದ ಮರುಭೂಮಿಗಳ ನಡುವೆ ಅಲ್ಲಲ್ಲಿ ಬೆಳಕಿನ ಗೆರೆಗಳು ಕಂಡವು. ಅವು ಸೈನಿಕರು ದಿನವೂ ಓಡುತ್ತಿದ್ದ ಸೇನಾನೆಲೆಗಳ ಅಂಚುಗಳು. ಯಾರೂ ಗುಟ್ಟು ಮಾರಿರಲಿಲ್ಲ; ಕೈಗಡಿಯಾರ ಕಟ್ಟಿಕೊಂಡು ವ್ಯಾಯಾಮ ಮಾಡಿದ್ದರು ಅಷ್ಟೇ. ನಮ್ಮಲ್ಲಿ ಇನ್ನೊಂದು ಗಾದೆಯಿದೆ, ಉಂಡ ಮನೆಯ ಜಂತೆ ಎಣಿಸಬಾರದು ಎಂದು. ಇವತ್ತು ಜಂತೆ ಎಣಿಸುವ ಕೆಲಸವನ್ನು ನಿಮ್ಮ ಜೇಬಿನಲ್ಲಿರುವ ಫೋನು ನಿಮ್ಮನ್ನು ಕೇಳದೆಯೇ ಮಾಡುತ್ತದೆ. 2020ರ ಜುಲೈನಲ್ಲಿ ಭಾರತೀಯ ಸೇನೆ 89 ಆ್ಯಪ್‌ಗಳನ್ನು ಅಳಿಸುವಂತೆ ತನ್ನವರಿಗೆ ಆದೇಶಿಸಿತು. ಆಗ ಅದನ್ನು ಅತಿರೇಕವೆಂದವರಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ.

2023ರ ಹೊಸವರ್ಷದ ರಾತ್ರಿ ಪೂರ್ವ ಉಕ್ರೇನಿನ ಮಕಿಯಿವ್ಕಾ ಪಟ್ಟಣದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಉಕ್ರೇನಿನ ರಾಕೆಟ್‌ಗಳು ಬಿದ್ದವು. ಸತ್ತವರು 89 ಎಂದು ರಷ್ಯಾ ಒಪ್ಪಿಕೊಂಡಿತು. ನಿಷೇಧವಿದ್ದರೂ ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದಿತು. ಅಷ್ಟು ಜನರನ್ನು ಒಂದೇ ಸೂರಿನಡಿ ತುಂಬಿದವರು ಯಾರು ಎಂಬ ಪ್ರಶ್ನೆಯೂ ರಷ್ಯಾದೊಳಗೇ ಎದ್ದಿತು. ಆ ಪ್ರಶ್ನೆ ಅಧಿಕಾರಿಗೆ ಸಂಬಂಧಿಸಿದ್ದು. ಹುಡುಗ ಮನೆಗೆ ಫೋನು ಮಾಡುತ್ತಾನೆ, ಅದು ಸಹಜ. ಅವನ ಆಸೆ, ಅವನ ಒಂಟಿತನ ಎರಡನ್ನೂ ಬಲ್ಲವನಾಗಿ ಅವನನ್ನು ಕಾಯಬೇಕಾದವರು ನೀವು. ನಮ್ಮ ಕಾರವಾರದ ನೌಕಾನೆಲೆಯ ಮಾಹಿತಿಯನ್ನು ಹೊರಗೆ ಕಳಿಸಿದ ಆರೋಪದ ಮೇಲೆ 2025ರಲ್ಲಿ ಎನ್‌ಐಎ ಸ್ಥಳೀಯರನ್ನು ಬಂಧಿಸಿದ ಸುದ್ದಿ ಓದಿದವರಿಗೆ, ಬಲೆ ಎಷ್ಟು ಹತ್ತಿರದಲ್ಲಿ ಹರಡಿದೆ ಎಂಬುದು ಗೊತ್ತು. ಸಾಮಾಜಿಕ ಜಾಲತಾಣದಲ್ಲಿ ಆದ ಒಂದು ಪರಿಚಯದಿಂದ ಇಂಥದು ಶುರುವಾಗುತ್ತದೆ.

ಯುದ್ಧದ ರೂಪ ಬದಲಾಗಿದೆ ಎನ್ನುವಾಗ ಎಚ್ಚರವಿರಲಿ, ಹಳೆಯದು ಸತ್ತಿಲ್ಲ. 2020ರ ಜೂನ್ 15ರ ರಾತ್ರಿ ಚೀನಾ ಗಡಿಯ ಗಲ್ವಾನಿನಲ್ಲಿ ಒಂದು ಗುಂಡೂ ಹಾರದೆ, ದೊಣ್ಣೆ ಕಲ್ಲುಗಳ ಹೊಡೆದಾಟದಲ್ಲಿ ಕರ್ನಲ್ ಸಂತೋಷ್ ಬಾಬು ಸೇರಿ ನಮ್ಮ 20 ಸೈನಿಕರು ಮಡಿದರು. ಐದು ವರ್ಷದ ನಂತರ, 2025ರ ಮೇ 8ರ ರಾತ್ರಿ ಪಾಕಿಸ್ತಾನದಿಂದ ನಮ್ಮ 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳು ಬಂದವೆಂದು ಸರ್ಕಾರ ತಿಳಿಸಿತು. ಕೈಕೈ ಮಿಲಾಯಿಸುವ ಕಾಳಗವೂ ಮನುಷ್ಯನೇ ಕಾಣದ ಕಾಳಗವೂ ಒಬ್ಬನೇ ಅಧಿಕಾರಿಯ ಸೇವಾವಧಿಯೊಳಗೆ ಬರಬಹುದು. ಬೆಂಗಳೂರಿನಲ್ಲಿ ರಕ್ಷಣಾ ಬಾಹ್ಯಾಕಾಶ ಸಂಸ್ಥೆಯ ಕೇಂದ್ರವಿದೆ. ಉಪಗ್ರಹವೂ ಈಗ ಕಾಯಬೇಕಾದ ಗಡಿಯೇ.

ಮತ್ತೊಂದು ಗಡಿ ಜನರ ಮನಸ್ಸಿನೊಳಗಿದೆ. ಅದೇ ಮೇ ತಿಂಗಳಲ್ಲಿ ಪಾಕಿಸ್ತಾನದ ವಿರುದ್ಧದ ಸೇನಾ ಕಾರ್ಯಾಚರಣೆಯ ವಿವರವನ್ನು ದೇಶಕ್ಕೆ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಬೆಳಗಾವಿ ಜಿಲ್ಲೆಯ ಸೊಸೆ. ಅವರ ಗಂಡನ ಮನೆಯ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಜಾಲತಾಣದಲ್ಲಿ ಹಬ್ಬಿತು. ಅಂಥದ್ದೇನೂ ನಡೆದಿಲ್ಲವೆಂದು ಬೆಳಗಾವಿ ಪೊಲೀಸರು ಸ್ಪಷ್ಟಪಡಿಸಬೇಕಾಯಿತು. ಉಂಡ ಮನೆಯೊಳಗಿನವರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟಿದರೆ ವೈರಿಗೆ ಗುಂಡಿನ ಖರ್ಚೂ ಉಳಿಯುತ್ತದೆ. ಆದ್ದರಿಂದ ತುಕಡಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಮುದಾಯದ ಮೇಲೆ ವಿಷ ಕಾರುವ ಸಂದೇಶ ಬಂದಾಗ ಸುಮ್ಮನಿರುವ ಅಧಿಕಾರಿ ಕರ್ತವ್ಯ ತಪ್ಪಿದ್ದಾನೆ ಎಂದೇ ನಾನು ಹೇಳುತ್ತೇನೆ.

ಬದಲಾವಣೆಗೆ ಹೆದರಬೇಕಿಲ್ಲ. 1948ರ ನವೆಂಬರ್ 1ರಂದು, ಕಾಶ್ಮೀರದ ಯುದ್ಧದಲ್ಲಿ, ಮಡಿಕೇರಿಯ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕ್‌ಗಳನ್ನು ಹತ್ತಿಸಿದರು. ಅಂಥ ಎತ್ತರದಲ್ಲಿ ಟ್ಯಾಂಕ್ ಬರುತ್ತದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ದಾರಿ ಮಾಡಿಕೊಟ್ಟವರು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್. ತಿಮ್ಮಯ್ಯ ಸ್ವತಃ ಮುಂದಿನ ಟ್ಯಾಂಕಿನಲ್ಲಿದ್ದರು.

ಇದಕ್ಕೆ ತದ್ವಿರುದ್ಧವಾದದ್ದು 1962ರ ಚೀನಾ ಯುದ್ಧದ ನಾಮ್ಕಾ ಚು ಕಾಳಗ. ಆ ನದಿಯ ದಂಡೆ ಹೋರಾಟಕ್ಕೆ ತಕ್ಕ ಜಾಗವಲ್ಲ ಎಂಬುದು ಅಲ್ಲಿದ್ದ ಅಧಿಕಾರಿಗಳಿಗೆ ಗೊತ್ತಿತ್ತು. ಸೈನಿಕರ ಮೈಮೇಲೆ ಹತ್ತಿಯ ಬಟ್ಟೆ, ಗುಂಡುಗಳ ಕೊರತೆ. ಆಕ್ಷೇಪವೆತ್ತಿದ ಕೋರ್ ಕಮಾಂಡರ್ ಉಮ್ರಾವ್ ಸಿಂಗ್ ಅವರಿಂದ ಆ ಹೊಣೆಯನ್ನು ತೆಗೆದು ಬಿ.ಎಂ. ಕೌಲ್ ಅವರಿಗೆ ಕೊಡಲಾಯಿತು. ಅಕ್ಟೋಬರ್ 20ರ ಬೆಳಿಗ್ಗೆ ಚೀನೀ ಸೇನೆ ಮೇಲೆರಗಿ 7ನೇ ಬ್ರಿಗೇಡನ್ನು ನುಚ್ಚುನೂರು ಮಾಡಿತು. ಸೆರೆಸಿಕ್ಕ ಬ್ರಿಗೇಡಿಯರ್ ಜಾನ್ ದಳವಿ ಮುಂದೆ ಬರೆದ ‘ಹಿಮಾಲಯನ್ ಬ್ಲಂಡರ್’ ಪುಸ್ತಕವನ್ನು ರವಿ ಬೆಳಗೆರೆಯವರ ಅನುವಾದದಲ್ಲಿ ಸಾವಿರಾರು ಕನ್ನಡಿಗರು ಓದಿದ್ದಾರೆ. ಓದಿದ ನಿಮಗೆ ನೆನಪಿಸುತ್ತೇನೆ: ಅಲ್ಲಿ ಯಾವ ಸಿಪಾಯಿಯೂ ಉಂಡ ಮನೆಗೆ ಎರಡು ಬಗೆಯಲಿಲ್ಲ. ಮೇಲಿನವರಿಗೆ ಹಿತವಾಗುವಂತೆ ‘ಆಗುತ್ತದೆ ಸಾರ್’ ಎಂದವರು ಬಗೆದರು, ತಮಗೇ ಗೊತ್ತಿಲ್ಲದೆ.

ಸೈನ್ಯದಲ್ಲಿ ಆಜ್ಞೆ ಮೀರುವಂತಿಲ್ಲ, ಮೀರಲೂ ಬಾರದು. ಆದರೆ ಆಜ್ಞೆ ಹೊರಡುವ ಮೊದಲು ಇದ್ದದ್ದನ್ನು ಇದ್ದಂತೆ ತಿಳಿಸುವುದು ನಿಮ್ಮ ಕೈಯಲ್ಲಿದೆ. ದೇಶದ ಕ್ಷೇಮ ಮೊದಲು, ನಿಮ್ಮ ಸೈನಿಕರದು ಆಮೇಲೆ, ನಿಮ್ಮದು ಎಲ್ಲಕ್ಕಿಂತ ಕೊನೆಗೆ ಎಂದು ಅಂದಿನ ಸೇನಾ ಮುಖ್ಯಸ್ಥ ಚೆಟ್‌ವುಡ್ 1932ರಲ್ಲಿ ಡೆಹ್ರಾಡೂನಿನ ಅಕಾಡೆಮಿಯಲ್ಲಿ ಹೇಳಿಕೊಟ್ಟ ಸರದಿಯಲ್ಲಿ ಬಡ್ತಿಗೆ ಸ್ಥಾನವೇ ಇಲ್ಲ. ಮೊದಲ ಪೋಸ್ಟಿಂಗ್‌ಗೆ ಹೋದ ಕೂಡಲೇ ನಿಮ್ಮ ಜವಾನರ ಭಾಷೆ ಕಲಿಯಿರಿ. ಹೊಸ ಯಂತ್ರ ಬಂದರೆ ಅದನ್ನು ಅವರಿಗಿಂತ ಮೊದಲು ಬಿಚ್ಚಿ ನೋಡಿ. ಗಸ್ತು ಹೋಗದ ಕಡೆ ಹೋದೆವೆಂದು, ಕೆಟ್ಟ ರೇಡಿಯೊ ಸರಿಯಿದೆಯೆಂದು, ದಣಿದ ತುಕಡಿ ಸಿದ್ಧವಿದೆಯೆಂದು ಬರೆಯಬೇಡಿ. ನಿಮ್ಮ ಬಡ್ತಿ ಒಂದು ವರ್ಷ ತಡವಾದರೂ ಸರಿ, ವರದಿಯಲ್ಲಿ ನಿಜವನ್ನೇ ಬರೆಯಿರಿ.